ಪಕ್ಕದ ಬೀದಿಯಲ್ಲಿ ಇಪ್ಪತ್ತು ವರ್ಷ: ‘ವೇಕ್‌ಫೀಲ್ಡ್’ ಕಥೆಯನ್ನು ಓದುವುದು ಹೇಗೆ?

‘ವೇಕ್‌ಫೀಲ್ಡ್’ ಕಥೆಯಲ್ಲಿ ನಡೆಯುವುದು ಇಷ್ಟೇ. ಲಂಡನ್ನಿನಲ್ಲಿ ಒಬ್ಬ ಗಂಡಸು. ಮದುವೆಯಾಗಿ ಹತ್ತು ವರ್ಷ ಆಗಿದೆ. ಒಂದು ಸಂಜೆ ಹೆಂಡತಿಗೆ ಹೇಳುತ್ತಾನೆ: ಹಳ್ಳಿ ಕಡೆ ಹೋಗಿ ಬರುತ್ತೇನೆ, ಮೂರು ನಾಲ್ಕು ದಿನ ತಡವಾದರೆ ಗಾಬರಿಯಾಗಬೇಡ, ಏನೇ ಆದರೂ ಶುಕ್ರವಾರ ರಾತ್ರಿ ಊಟಕ್ಕೆ ಇರುತ್ತೇನೆ. ಹೀಗೆ ಹೇಳಿ ಹೊರಟವನು ಹಳ್ಳಿಗೂ ಹೋಗುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ತನ್ನ ಮನೆಯ ಪಕ್ಕದ ಬೀದಿಯಲ್ಲೇ ಒಂದು ಬಾಡಿಗೆ ರೂಮು ಹಿಡಿದು ಕೂರುತ್ತಾನೆ. ಇಪ್ಪತ್ತು ವರ್ಷ! ಅಷ್ಟೂ ವರ್ಷ ದಿನಾ ತನ್ನ ಮನೆಯನ್ನು ಕಣ್ಣಾರೆ ನೋಡುತ್ತಾನೆ, ಹೆಂಡತಿಯನ್ನೂ ಆಗಾಗ ದೂರದಿಂದ ನೋಡುತ್ತಾನೆ. ಆಮೇಲೆ ಒಂದು ಸಂಜೆ, ಬೆಳಗ್ಗೆ ಪೇಟೆಗೆ ಹೋಗಿ ವಾಪಸ್ ಬಂದವನ ಹಾಗೆ, ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಾನೆ.

ಜಗಳ ಇಲ್ಲ. ಸಾಲ ಇಲ್ಲ. ಇನ್ನೊಬ್ಬಳೂ ಇಲ್ಲ.

ನಮ್ಮ ಕಾಸರಗೋಡಿನ ಕಡೆ ಇಂಗ್ಲಿಷ್ ಓದುವ ಡಿಗ್ರಿ ಹುಡುಗರಿಗೆ ಈ ಕಥೆ ಹೇಳಿದರೆ ಮೊದಲು ಬರುವ ಪ್ರಶ್ನೆ ಒಂದೇ: “ಅವ ಎಂತಕ್ಕೆ ಹೋದ್ದು ಸರ್?” ನಿಜ ಹೇಳಬೇಕೆಂದರೆ ಆ ಪ್ರಶ್ನೆಯನ್ನೇ ಹಿಡಿದುಕೊಂಡು ಕೂತರೆ ಕಥೆ ಕೈಗೆ ಸಿಗುವುದಿಲ್ಲ. ನೂರು ಸಲ ಓದಿದರೂ ಅದಕ್ಕೆ ಉತ್ತರ ಇಲ್ಲ, ಕಥೆಗಾರ ಇಟ್ಟೇ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಅವನು ಶುಕ್ರವಾರ ಯಾಕೆ ವಾಪಸ್ ಬರಲಿಲ್ಲ? ಇದಕ್ಕೆ ಮಾತ್ರ ಕಥೆಯೊಳಗೆ ಬೇಕಾದಷ್ಟು ಉತ್ತರ ಇದೆ, ಮತ್ತು ಓದುತ್ತಾ ಹೋದ ಹಾಗೆ ಅದು ನಮ್ಮ ಬುಡಕ್ಕೇ ಬರುತ್ತದೆ.

ಬರೆದದ್ದು ಅಮೆರಿಕದ ನಥಾನಿಯಲ್ ಹಾಥಾರ್ನ್. ಕಥೆ ಮೊದಲು ಅಚ್ಚಾದದ್ದು 1835ರಲ್ಲಿ ಒಂದು ಮಾಸಪತ್ರಿಕೆಯಲ್ಲಿ, 1837ರಲ್ಲಿ ಅವನ ಸಂಕಲನಕ್ಕೆ ಸೇರಿತು. ತುಂಬಾ ಸಣ್ಣ ಕಥೆ, ಒಂದು ಚಾಯ ಮುಗಿಯುವುದರೊಳಗೆ ಅಲ್ಲದಿದ್ದರೂ ಎರಡನೇ ಚಾಯಕ್ಕೆ ಮುಂಚೆ ಮುಗಿಯುತ್ತದೆ. ಆದರೆ ಓದುವವರು ಎಡವುವುದು ಮೊದಲ ಪ್ಯಾರಾದಲ್ಲೇ. ಯಾಕೆಂದರೆ ಪೂರ್ತಿ ಕಥೆಯನ್ನು, ಅವನು ವಾಪಸ್ ಬಂದದ್ದನ್ನೂ ಸೇರಿಸಿ, ಹಾಥಾರ್ನ್ ಮೊದಲ ಪ್ಯಾರಾದಲ್ಲೇ ಹೇಳಿ ಮುಗಿಸಿಬಿಡುತ್ತಾನೆ. ಯಾವುದೋ ಹಳೇ ಪೇಪರಿನಲ್ಲಿ ಹೀಗೊಂದು ಸುದ್ದಿ ಓದಿದ ನೆನಪು, ಅವನಿಗೆ ವೇಕ್‌ಫೀಲ್ಡ್ ಅಂತ ಹೆಸರಿಡೋಣ, ಅವನು ಎಂಥವನಿರಬಹುದು ಅಂತ ಒಟ್ಟಿಗೆ ಯೋಚಿಸೋಣ ಬನ್ನಿ, ಅಂತ ನಮ್ಮನ್ನು ಕರೆಯುತ್ತಾನೆ. ‘ಮುಂದೇನಾಯ್ತು’ ಎನ್ನುವ ಕುತೂಹಲ ಹೋಯಿತು ಅಲ್ವಾ? ಹೋಗಲಿ ಎಂದೇ ಹಾಗೆ ಮಾಡಿದ್ದು. ಗುಟ್ಟು ಬಿಚ್ಚುವ ಕಥೆ ಇದಲ್ಲ. ಒಂದು ಸುದ್ದಿ ತುಣುಕನ್ನು ಮುಂದಿಟ್ಟುಕೊಂಡು, ಇದು ಹೇಗೆ ಸಾಧ್ಯವಾಯಿತು ಎಂದು ಒಬ್ಬ ಮನುಷ್ಯ ನಮ್ಮ ಪಕ್ಕ ಕೂತು ಲೆಕ್ಕ ಹಾಕುವುದೇ ಈ ಕಥೆ. ಅದಕ್ಕೇ ನಿರೂಪಕ ನಡುನಡುವೆ ವೇಕ್‌ಫೀಲ್ಡನ ಜೊತೆ ನೇರವಾಗಿ ಮಾತಾಡುತ್ತಾನೆ, ಬೈಯುತ್ತಾನೆ, ಮನೆಗೆ ಹೋಗು ಮಾರಾಯ ಎಂದು ಬುದ್ಧಿಯನ್ನೂ ಹೇಳುತ್ತಾನೆ.

ಆ ಹಳೇ ಸುದ್ದಿ ಸುಳ್ಳೂ ಅಲ್ಲ. ವಿಲಿಯಂ ಕಿಂಗ್ ಎಂಬವನು ಬರೆದಿಟ್ಟ ನೆನಪುಗಳು 1818ರಲ್ಲಿ ಪುಸ್ತಕವಾಗಿ ಬಂದವು. ಅದರಲ್ಲಿ ಹೋವ್ ಎಂಬ ಲಂಡನ್ ಸಾಹುಕಾರನ ಪ್ರಸಂಗ ಇದೆ. ಸುಮಾರು 1706ರಲ್ಲಿ ಒಂದು ಬೆಳಗ್ಗೆ, ಸ್ವಲ್ಪ ಕೆಲಸ ಇದೆ ಅಂತ ಹೆಂಡತಿಗೆ ಹೇಳಿ ಹೊರಟ. ಮಧ್ಯಾಹ್ನಕ್ಕೆ ಒಂದು ಚೀಟಿ ಕಳಿಸಿದ: ಹಾಲೆಂಡಿಗೆ ಹೋಗಬೇಕಾಗಿದೆ, ಮೂರು ವಾರವೋ ಒಂದು ತಿಂಗಳೋ ಆಗಬಹುದು. ಆಮೇಲೆ 17 ವರ್ಷ ನಾಪತ್ತೆ. ಇದ್ದದ್ದು ಲಂಡನ್ನಿನಲ್ಲೇ, ವಿಗ್ ಹಾಕಿಕೊಂಡು, ಹೆಸರು ಬದಲಿಸಿಕೊಂಡು. ಅವನಿಗೆ ಇಬ್ಬರು ಮಕ್ಕಳಿದ್ದರು, ಅವನು ಹೀಗೆ ಮರೆಯಲ್ಲಿದ್ದಾಗಲೇ ಇಬ್ಬರೂ ತೀರಿಕೊಂಡರು. ಗಂಡ ಬದುಕಿದ್ದಾನೋ ಸತ್ತಿದ್ದಾನೋ ಗೊತ್ತಿಲ್ಲದೆ ಆಸ್ತಿ ಮುಟ್ಟುವ ಹಾಗಿಲ್ಲ, ಹಾಗಾಗಿ ಹೆಂಡತಿ ಪಾರ್ಲಿಮೆಂಟಿನಿಂದಲೇ ಒಂದು ವಿಶೇಷ ಕಾಯ್ದೆ ಮಾಡಿಸಿಕೊಳ್ಳಬೇಕಾಯಿತು. ಆ ಕಾಯ್ದೆ ಎಲ್ಲಿಯ ತನಕ ಬಂತು ಎನ್ನುವುದನ್ನು ಈ ಪುಣ್ಯಾತ್ಮ ಒಂದು ಕಾಫಿ ಅಂಗಡಿಯಲ್ಲಿ ಕೂತು ಓದಿ ಖುಷಿಪಡುತ್ತಿದ್ದನಂತೆ. ಕೊನೆಗೆ ಹೆಸರಿಲ್ಲದ ಒಂದು ಕಾಗದ ಬರೆದು ಹೆಂಡತಿಯನ್ನು ಪಾರ್ಕಿಗೆ ಕರೆಸಿಕೊಂಡ, ಮನೆಗೆ ಹೋದ. ಸಾಯುವ ತನಕ ಚೆನ್ನಾಗೇ ಇದ್ದರಂತೆ. ಯಾಕೆ ಹೋಗಿದ್ದ ಎಂಬುದನ್ನು ಮಾತ್ರ ತೀರಾ ಹತ್ತಿರದ ಸ್ನೇಹಿತರಿಗೂ ಹೇಳಲಿಲ್ಲ.

ಈಗ ಹಾಥಾರ್ನ್ ಇದರಿಂದ ಏನೇನು ತೆಗೆದುಹಾಕಿದ ನೋಡಿ. ಮಕ್ಕಳನ್ನು ತೆಗೆದ. ಆಸ್ತಿಯ ಜಂಜಾಟವನ್ನು ಒಂದೇ ಮಾತಿನಲ್ಲಿ ಮುಗಿಸಿದ. ಚೀಟಿ ತೆಗೆದ, ಪಾರ್ಕಿನ ಕಾಗದ ತೆಗೆದ, ಕಾಯ್ದೆ ತೆಗೆದ. ನನಗೆ ಇದರಲ್ಲೇ ಅವನ ಜಾಣತನ ಕಾಣುವುದು. ಮಕ್ಕಳಿದ್ದಿದ್ದರೆ ನಾವು ಅವನನ್ನು ಸುಮ್ನೆ ರಾಕ್ಷಸ ಅಂದುಬಿಡುತ್ತಿದ್ದೆವು. ದುಡ್ಡಿನ ವಿಷಯ ಇದ್ದಿದ್ದರೆ ಅದನ್ನೇ ಕಾರಣ ಮಾಡಿಕೊಳ್ಳುತ್ತಿದ್ದೆವು. ಚೀಟಿ ಕಳಿಸಿದ್ದರೆ ಅದೊಂದು ಪ್ಲಾನ್ ಆಗುತ್ತಿತ್ತು. ಓದುಗ ‘ಓ ಇದಕ್ಕಾ’ ಎಂದು ನಿಟ್ಟುಸಿರು ಬಿಡಬಹುದಾದ ಒಂದೊಂದೇ ಜಾಗವನ್ನು ಹುಡುಕಿ ಹುಡುಕಿ ಮುಚ್ಚಿದ್ದಾನೆ. ಉಳಿದದ್ದು ಒಬ್ಬ ಗಂಡಸು, ಒಂದು ಬಾಗಿಲು, ಒಂದು ಬೀದಿ.

ಮನೆ ಬಿಟ್ಟು ಹೋದವರು ನಮಗೆ ಹೊಸಬರಲ್ಲ. ಈ ಕಡೆಯ ಹಳೇ ಮನೆಗಳಲ್ಲಿ ಕೇಳಿ ನೋಡಿ, ಅಜ್ಜನ ತಮ್ಮ ಒಬ್ಬ ಬೊಂಬಾಯಿಗೆ ಓಡಿಹೋದವನು ಇದ್ದೇ ಇರುತ್ತಾನೆ. ಘಟ್ಟ ಹತ್ತಿದವನು ಇನ್ನೊಬ್ಬ. ಎಪ್ಪತ್ತರ ದಶಕದಿಂದ ಈಚೆಗೆ ಗಲ್ಫಿಗೆ ಹೋದವರಂತೂ ಮನೆಗೊಬ್ಬರು. ಅವರಲ್ಲಿ ಕಾಗದ ನಿಲ್ಲಿಸಿದವರೂ ಉಂಟು, ಇಪ್ಪತ್ತು ವರ್ಷ ಆದ ಮೇಲೆ ಒಂದು ದಿನ ಪೆಟ್ಟಿಗೆ ಹಿಡಿದು ಜಗಲಿಗೆ ಬಂದು ನಿಂತವರೂ ಉಂಟು. ಆದರೆ ಅವರೆಲ್ಲರ ಹಿಂದೆ ಒಂದು ಕಾರಣ ಇರುತ್ತದೆ: ಅಪ್ಪನ ಪೆಟ್ಟು, ಪಾಲು ಪಟ್ಟಿ, ಹೋಟೆಲ್ ಕೆಲಸ, ದುಡ್ಡು. ದೊಡ್ಡವರ ಕಥೆಯಲ್ಲೂ ಅಷ್ಟೇ. ಗೌತಮ ರಾತ್ರೋರಾತ್ರಿ ಹೋದ, ಆದರೆ ಏನನ್ನೋ ಹುಡುಕಿಕೊಂಡು ಹೋದ. ವೇಕ್‌ಫೀಲ್ಡ್ ಏನನ್ನೂ ಹುಡುಕುವುದಿಲ್ಲ. ಬಿಟ್ಟು ಹೋದ ಮನೆಯನ್ನೇ ನೋಡುತ್ತಾ ಕೂರುತ್ತಾನೆ. ಸರಿಯಾಗಿ ಹೇಳುವುದಾದರೆ ಅವನು ತನ್ನ ಬದುಕನ್ನು ಬಿಟ್ಟೇ ಇಲ್ಲ. ತಾನಿಲ್ಲದ ತನ್ನ ಬದುಕು ಹೇಗಿರುತ್ತದೆ ಎಂದು ನೋಡಲು ಹೊರಗೆ ಕೂತಿದ್ದಾನೆ. ಸತ್ತ ಮೇಲೆ ನನ್ನ ಹದಿಮೂರಕ್ಕೆ ಯಾರ್‍ಯಾರು ಬರುತ್ತಾರೆ, ಯಾರು ಅಳುತ್ತಾರೆ, ಯಾರು ಪಾಯಸವನ್ನು ಎರಡನೇ ಸಲ ಬಡಿಸಿಕೊಳ್ಳುತ್ತಾರೆ ಎಂದು ನೋಡುವ ಆಸೆ ಯಾರಿಗಿಲ್ಲ ಹೇಳಿ? ಅವನಿಗೆ ಆ ಆಸೆ ಕೈಗೂಡಿತು. ಶಿಕ್ಷೆಯೂ ಅದೇ ಆಯಿತು.

ಮನುಷ್ಯನ ಸ್ವಭಾವವನ್ನು ಹಾಥಾರ್ನ್ ಹೇಗೆ ಕಟ್ಟುತ್ತಾನೆ ನೋಡಿ. ಇವನು ಕೆಟ್ಟವನಲ್ಲ. ಗಂಡಂದಿರಲ್ಲೇ ಅತಿ ನಂಬಿಗಸ್ತ, ಯಾಕೆಂದರೆ ಬೇರೆ ಕಡೆ ನೋಡುವಷ್ಟು ಚುರುಕೇ ಅವನಲ್ಲಿಲ್ಲ. ಕಲ್ಪನಾಶಕ್ತಿ ಇಲ್ಲ. ಲಂಡನ್ನಿನಲ್ಲಿ ನಾಳೆಗೆ ನೆನಪಿಡುವಂಥದ್ದನ್ನು ಇವತ್ತು ಏನೂ ಮಾಡದ ಮನುಷ್ಯ ಯಾರು ಎಂದು ಕೇಳಿದರೆ ಸ್ನೇಹಿತರೆಲ್ಲ ಇವನ ಹೆಸರೇ ಹೇಳುತ್ತಿದ್ದರು. ಹೆಂಡತಿಗೆ ಮಾತ್ರ ಸ್ವಲ್ಪ ಅನುಮಾನ ಇತ್ತು. ಸದ್ದಿಲ್ಲದ ಒಂದು ಸ್ವಾರ್ಥ, ಒಂಥರಾ ಜಂಬ, ಹೇಳಿದರೂ ಯಾರಿಗೂ ಏನೂ ಆಗದಂಥ ಸಣ್ಣಪುಟ್ಟ ಗುಟ್ಟುಗಳನ್ನು ಇಟ್ಟುಕೊಳ್ಳುವ ಚಾಳಿ. ಇಷ್ಟೇ. ಇಂಥವರು ನಿಮ್ಮ ಮನೆಯಲ್ಲೂ ಇರಬಹುದು, ನಮ್ಮ ಮನೆಯಲ್ಲಂತೂ ಇದ್ದಾರೆ: ಎಲ್ಲಿಗೆ ಹೊರಟದ್ದು ಎಂದು ಕೇಳಿದರೆ “ಸುಮ್ನೆ, ಇಲ್ಲೇ” ಎನ್ನುವವರು.

ಹೊರಡುವ ಸಂಜೆಯನ್ನು ನಿಧಾನವಾಗಿ ಓದಿ. ಅಕ್ಟೋಬರ್ ತಿಂಗಳ ಮುಸ್ಸಂಜೆ. ದಪ್ಪ ಕೋಟು, ಮಳೆಗೆ ಮೇಣದ ಬಟ್ಟೆ ಹೊದಿಸಿದ ಹ್ಯಾಟು, ಉದ್ದದ ಬೂಟು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸಣ್ಣ ಚೀಲ. ಹೆಂಡತಿಗೆ ಮಾಮೂಲಿನಂತೆ ಒಂದು ಮುತ್ತು ಕೊಟ್ಟು ಹೊರಡುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಅದೇ ಬಾಗಿಲು ಸ್ವಲ್ಪ ತೆರೆಯುತ್ತದೆ, ಆ ಸಂದಿಯಲ್ಲಿ ಗಂಡನ ಮುಖ ಕಾಣುತ್ತದೆ, ಅವಳನ್ನು ನೋಡಿ ನಗುತ್ತದೆ, ಮರುಕ್ಷಣ ಇಲ್ಲ. ಆ ಹೊತ್ತಿಗೆ ಅವಳು ಅದಕ್ಕೆ ಬೆಲೆ ಕೊಡುವುದಿಲ್ಲ. ಆದರೆ ಮುಂದೆ, ಹೆಂಡತಿಯಾಗಿದ್ದ ವರ್ಷಗಳಿಗಿಂತ ವಿಧವೆಯಾದ ವರ್ಷಗಳೇ ಜಾಸ್ತಿಯಾದ ಮೇಲೆ, ಆ ನಗುವೇ ಅವಳನ್ನು ಕಾಡುತ್ತದೆ. ಗಂಡ ಶವಪೆಟ್ಟಿಗೆಯಲ್ಲಿ ಮಲಗಿದ್ದಾನೆಂದು ಊಹಿಸಿಕೊಂಡರೆ ಆ ಮುಖದಲ್ಲೂ ಅದೇ ನಗು. ಸ್ವರ್ಗದಲ್ಲಿದ್ದಾನೆಂದು ಊಹಿಸಿಕೊಂಡರೆ ಅಲ್ಲೂ ಅದೇ. ಊರೆಲ್ಲ ಅವನು ಸತ್ತ ಅಂದಾಗಲೂ ಅವಳಿಗೆ ಮಾತ್ರ, ನಾನು ನಿಜವಾಗಿ ವಿಧವೆಯಾ ಎಂದು ಒಂದೊಂದು ಸಲ ಅನುಮಾನ ಬರುತ್ತದೆ. ನನ್ನ ಲೆಕ್ಕದಲ್ಲಿ ಅವನು ಮಾಡಿದ ನಿಜವಾದ ಅನ್ಯಾಯ ಇದು. ಸತ್ತವನಿಗೊಂದು ಕ್ರಿಯೆ ಇದೆ, ಅಳುವುದಕ್ಕೆ ದಿನ ಇದೆ, ಮುಗಿಸುವುದಕ್ಕೂ ದಿನ ಇದೆ. ಬಾಗಿಲ ಸಂದಿಯಲ್ಲಿ ನಕ್ಕು ಹೋದವನಿಗೆ ಏನು ಮಾಡುವುದು? ಅವಳಿಗೆ ದುಃಖವನ್ನೂ ಪೂರ್ತಿ ಮಾಡಲು ಬಿಡಲಿಲ್ಲ ಅವನು.

ಇನ್ನು ಆ ಮೊದಲ ರಾತ್ರಿ ಮತ್ತು ಮರುದಿನ ಬೆಳಗ್ಗೆ. ಕಥೆಯ ತಿರುಳು ಇರುವುದು ಇಲ್ಲಿ, ಪರೀಕ್ಷೆಗೆ ಓದುವವರು ಹಾರಿಸಿಬಿಡುವುದೂ ಇದನ್ನೇ. ಸುತ್ತು ಬಳಸಿನ ದಾರಿ ಹಿಡಿದು ಬಾಡಿಗೆ ರೂಮಿಗೆ ಬಂದು ಬೆಂಕಿ ಮುಂದೆ ಕೂತಿದ್ದಾನೆ. ಯಾರೋ ಹಿಂದೆ ಬಂದ ಹಾಗಾಯಿತು, ಯಾರೋ ಹೆಸರು ಕರೆದ ಹಾಗಾಯಿತು, ಖಂಡಿತ ಹತ್ತು ಜನ ನೋಡಿ ಹೆಂಡತಿಗೆ ಹೇಳಿರುತ್ತಾರೆ ಎಂದು ಅವನ ತಲೆಬಿಸಿ. ನಿರೂಪಕ ನಗುತ್ತಾನೆ: ಅಯ್ಯೋ ಪಾಪ, ಈ ದೊಡ್ಡ ಊರಿನಲ್ಲಿ ನೀನು ಯಾವ ಲೆಕ್ಕ! ರಾತ್ರಿ ನಿದ್ದೆಗಣ್ಣಿನಲ್ಲಿ ಅಗಲ ಹಾಸಿಗೆಯ ಮೇಲೆ ಕೈ ಚಾಚುತ್ತಾನೆ, ಇನ್ನೊಂದು ರಾತ್ರಿ ಒಬ್ಬನೇ ಮಲಗುವುದಿಲ್ಲ ಅಂದುಕೊಳ್ಳುತ್ತಾನೆ. ಬೆಳಗಾಗುತ್ತದೆ. ನಾನು ಯಾಕೆ ಬಂದೆ ಎನ್ನುವುದೇ ಅವನಿಗೆ ಸ್ಪಷ್ಟವಿಲ್ಲ. ಏನೋ ಒಂದು ಉದ್ದೇಶ ಇತ್ತು, ಅದೇನು ಅಂತ ತನಗೇ ಹೇಳಿಕೊಳ್ಳಲು ಆಗುತ್ತಿಲ್ಲ. ಹೆಂಡತಿ ಒಂದು ವಾರ ನಾನಿಲ್ಲದೆ ಹೇಗಿರುತ್ತಾಳೆ, ಮನೆ ಹೇಗೆ ನಡೆಯುತ್ತದೆ, ಅದೊಂದು ಕುತೂಹಲ ಮಾತ್ರ ಇದೆ. ಅಷ್ಟಕ್ಕೆ ನೋಡಿ ಬರೋಣ ಎಂದು ಹೊರಗೆ ಬರುತ್ತಾನೆ.

ಆಗ ಕಾಲು ಕೈಕೊಡುತ್ತದೆ. ಹತ್ತು ವರ್ಷ ನಡೆದ ದಾರಿ. ರೂಢಿ ಅವನನ್ನು ಎಳೆದುಕೊಂಡು ಹೋಗಿ ಸೀದಾ ಸ್ವಂತ ಮನೆಯ ಬಾಗಿಲ ಮುಂದೆ ನಿಲ್ಲಿಸುತ್ತದೆ. ಮೆಟ್ಟಿಲಿಗೆ ಬೂಟು ತಾಗಿ ಕರಕ್ ಎಂದಾಗ ಎಚ್ಚರ ಬರುತ್ತದೆ. ಅಯ್ಯಯ್ಯೋ ಎಲ್ಲಿಗೆ ಬಂದೆ! ತಿರುಗಿ ಓಡುತ್ತಾನೆ. ಮೂಲೆ ತಲುಪಿ ಒಮ್ಮೆ ಹಿಂದೆ ನೋಡುತ್ತಾನೆ, ಮನೆ ಬೇರೆಯದೇ ಥರ ಕಾಣುತ್ತದೆ. ಒಂದು ರಾತ್ರಿ ಅಷ್ಟೇ ಆದದ್ದು, ಆದರೂ ಎಷ್ಟೋ ವರ್ಷ ಬಿಟ್ಟು ಬಂದವರಿಗೆ ಕಾಣುವ ಹಾಗೆ. ಇಡೀ ಇಪ್ಪತ್ತು ವರ್ಷ ನಿರ್ಧಾರವಾದದ್ದು ಈ ಒಂದು ಮೆಟ್ಟಿಲ ಮೇಲೆ. ಮನೆ ಬಿಟ್ಟದ್ದು ಹಿಂದಿನ ಸಂಜೆ ಅಲ್ಲ, ಈಗ. ಹಿಂದಿನ ಸಂಜೆ ಅದು ತಮಾಷೆಯಾಗಿತ್ತು. ಮೆಟ್ಟಿಲಿನಿಂದ ಓಡಿದ ಮೇಲೆ, ಓಡಿದ್ದೇ ಮುಚ್ಚಿಡಬೇಕಾದ ಒಂದು ವಿಷಯವಾಯಿತು. ಸ್ವಲ್ಪ ಯೋಚಿಸಿ ಕೆಂಪು ಕೂದಲಿನ ಒಂದು ವಿಗ್ಗನ್ನೂ ಹಳೇ ಬಟ್ಟೆಗಳನ್ನೂ ಕೊಳ್ಳುತ್ತಾನೆ. ಹೊಸ ವೇಷ ಬಂದ ಮೇಲೆ ಹಳೇ ಬದುಕಿಗೆ ವಾಪಸ್ ಹೋಗುವುದೂ ಹೊರಟದ್ದರಷ್ಟೇ ದೊಡ್ಡ ಕೆಲಸ.

ಇದು ಹೇಗೆ ಎಂದು ಕೇಳಿದವರಿಗೆ ನಾನು ಹೇಳುವುದು ಫೋನಿನ ವಿಷಯ. ಹಳೇ ಸ್ನೇಹಿತನ ಕಾಲ್ ಬಂತು, ಎತ್ತಲಿಲ್ಲ, ಸಂಜೆ ಮಾಡೋಣ ಅಂದುಕೊಂಡಿರಿ. ಮರುದಿನವಾದರೆ ‘ಸಾರಿ ಮಾರಾಯ, ನಿನ್ನೆ ಆಗಲಿಲ್ಲ’ ಎಂದರೆ ಮುಗಿಯಿತು. ವಾರವಾದರೆ ಒಂದು ಕಾರಣ ಬೇಕು. ತಿಂಗಳಾದರೆ ದೊಡ್ಡ ಕಾರಣವೇ ಬೇಕು. ವರ್ಷವಾದರೆ, ಅವನ ಹೆಸರು ಸ್ಕ್ರೀನಿನಲ್ಲಿ ಕಂಡರೆ ಫೋನನ್ನು ಬೋರಲು ಹಾಕಿ ಇಡುತ್ತೇವೆ. ಅವನ ಮೇಲೆ ಕೋಪ ಇಲ್ಲ, ಜಗಳ ಇಲ್ಲ. ತಡವಾದದ್ದೇ ಇನ್ನೂ ತಡವಾಗಲು ಕಾರಣ.

ವೇಕ್‌ಫೀಲ್ಡನಿಗೆ ಆದದ್ದು ಇದೇ, ಮತ್ತು ಹಾಥಾರ್ನ್ ಅದನ್ನು ಹಂತಹಂತವಾಗಿ ತೋರಿಸುತ್ತಾನೆ. ಮೊದಲು ಅವಳು ಸಾಕಷ್ಟು ಕೊರಗಲಿಲ್ಲವೇನೋ ಎಂಬ ಸಿಡುಕು. ಅವಳು ಸಾಯುವಷ್ಟು ಹೆದರುವ ತನಕ ಹೋಗುವುದಿಲ್ಲ ಎಂಬ ಹಟ. ಅವಳು ಹೋಗಿ ಬರುವುದನ್ನು ಎರಡು ಮೂರು ಸಲ ನೋಡುತ್ತಾನೆ, ಪ್ರತಿ ಸಲವೂ ಮುಖ ಇನ್ನಷ್ಟು ಬಿಳಿಚಿದೆ. ಮೂರನೇ ವಾರ ಔಷಧಿಯವನು ಆ ಮನೆಗೆ ಹೋಗುವುದು ಕಾಣುತ್ತದೆ. ಮರುದಿನ ಬಾಗಿಲು ಬಡಿಯುವ ಕೊಂಡಿಗೆ ಬಟ್ಟೆ ಸುತ್ತಿದ್ದಾರೆ, ರೋಗಿಗೆ ಸದ್ದಾಗಬಾರದೆಂದು. ಸಂಜೆ ಡಾಕ್ಟರ ಗಾಡಿಯೂ ಬಂತು. ಈಗಲಾದರೂ ಓಡಿ ಹೋಗುತ್ತಾನಾ? ಇಲ್ಲ. ಅವನ ಮನಸ್ಸಾಕ್ಷಿಗೆ ಒಂದು ಸಮಾಧಾನ ಸಿಕ್ಕಿಬಿಡುತ್ತದೆ: ಇಂಥ ಹೊತ್ತಲ್ಲಿ ಹಠಾತ್ತಾಗಿ ಎದುರು ಹೋದರೆ ಅವಳಿಗೆ ಆಘಾತವಾದೀತು, ಬೇಡ. ಎಷ್ಟು ಮುತುವರ್ಜಿ ನೋಡಿ! ಇಡೀ ಕಥೆಯಲ್ಲಿ ನನಗೆ ಮೈ ಉರಿಯುವ ಜಾಗ ಇದು, ಮತ್ತು ಇದು ನೂರಕ್ಕೆ ನೂರು ನಿಜ ಅನ್ನಿಸುವ ಜಾಗವೂ ಹೌದು. ಅವಳು ಗುಣವಾಗುತ್ತಾಳೆ. ಅವನಿಲ್ಲದ ಬದುಕಿಗೆ ಅವಳ ಮನಸ್ಸು ಮೆಲ್ಲಗೆ ಒಗ್ಗುತ್ತದೆ. ಇಲ್ಲಿಯ ತನಕ ಅವನು ಇಂಥ ದಿನ ಹೋಗುತ್ತೇನೆ ಎಂದು ಒಂದು ದಿನ ಗೊತ್ತುಮಾಡಿ ಅದನ್ನು ಮುಂದೂಡುತ್ತಿದ್ದ. ಇನ್ನು ಮುಂದೆ ದಿನವನ್ನೇ ಗೊತ್ತುಮಾಡುವುದಿಲ್ಲ. ನಾಳೆ ಬೇಡ, ಮುಂದಿನ ವಾರ ನೋಡೋಣ, ಹೋಗುವುದಂತೂ ಹೋಗುವುದೇ. ಶುಕ್ರವಾರ ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಇಷ್ಟೇ: ಒಂದು ವಾರ ಪೂರ್ತಿ ಆಟ ಆಡೋಣ ಅಂದುಕೊಂಡ. ಇಪ್ಪತ್ತು ವರ್ಷ ಬರುವುದಿಲ್ಲ ಎಂದು ಅವನು ಯಾವತ್ತೂ ನಿರ್ಧಾರ ಮಾಡಲೇ ಇಲ್ಲ.

ಪಕ್ಕದ ಬೀದಿಯಲ್ಲಿದ್ದೂ ಸಿಕ್ಕಿಬೀಳಲಿಲ್ಲವಾ ಎಂದು ಕೇಳುವವರಿಗೆ, ಆ ಲಂಡನ್ ಬೇರೆ. 1801ರ ಜನಗಣತಿಯಲ್ಲೇ ಅಲ್ಲಿ ಹತ್ತು ಲಕ್ಷದ ಹತ್ತಿರ ಜನ ಇದ್ದರು. ಬಾಡಿಗೆ ಕೊಟ್ಟವನಿಗೆ ಬಾಡಿಗೆ ಬಂದರೆ ಸಾಕು, ಹೆಸರು ಯಾರಿಗೆ ಬೇಕು? ನಮ್ಮ ಬದಿಯಡ್ಕದಂಥ ಸಣ್ಣ ಪೇಟೆಯಲ್ಲಿ ಕೆಂಪು ವಿಗ್ ಹಾಕಿಕೊಂಡು ರೂಮು ಮಾಡಿ ನೋಡಿ. ಮೊದಲ ದಿನವೇ ಜಿನಸಿನ ಅಂಗಡಿಯವರು ‘ಭಾವ, ಎಂತ ಕೂದಲಿಗೆ ಮದರಂಗಿ ಹಾಕಿದ್ರಾ’ ಎಂದು ಕೇಳುತ್ತಾರೆ, ಸಂಜೆಯ ಬಸ್ಸಿನ ಕಂಡಕ್ಟರ್ ಸುದ್ದಿಯನ್ನು ಪೆರ್ಲಕ್ಕೆ ತಲುಪಿಸಿರುತ್ತಾನೆ. ಅಂದರೆ ಈ ಕಥೆ ನಡೆಯಬೇಕಾದರೆ ದೊಡ್ಡ ನಗರ ಬೇಕು, ಪಕ್ಕದ ಬೀದಿಯೇ ಪರದೇಶವಾಗುವಂಥ ನಗರ. ಮನೆಯಿಂದ ದೂರ ಹೋಗದೆಯೇ ಕಾಣೆಯಾಗಬಹುದು ಎನ್ನುವುದು ಆಗಿನ ಓದುಗರಿಗೆ ಹೊಸ ಭಯ. ಇವತ್ತು ಬೆಂಗಳೂರಿನಲ್ಲಿ ಎದುರು ಫ್ಲ್ಯಾಟಿನವರ ಹೆಸರು ಗೊತ್ತಿಲ್ಲದೆ ಇರುವ ನಮ್ಮ ಹುಡುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತು ವರ್ಷ ಹಾರಿಸೋಣ ಎನ್ನುತ್ತಾನೆ ನಿರೂಪಕ, ಹಾರಿಸುತ್ತಾನೆ. ಒಂದು ದಿನ ಜನಜಂಗುಳಿಯ ರಸ್ತೆ. ಈ ಕಡೆಯಿಂದ ಸೊರಗಿದ, ಹಣೆಯೆಲ್ಲ ಸುಕ್ಕಾದ, ಓರೆಯಾಗಿ ನಡೆಯುವ ಒಬ್ಬ. ಆ ಕಡೆಯಿಂದ ಕೈಯಲ್ಲಿ ಪ್ರಾರ್ಥನೆ ಪುಸ್ತಕ ಹಿಡಿದು ಚರ್ಚಿಗೆ ಹೊರಟ, ಮೈತುಂಬಿಕೊಂಡ ಒಬ್ಬ ಹೆಂಗಸು. ಜನರ ನೂಕಿನಲ್ಲಿ ಇಬ್ಬರೂ ಢಿಕ್ಕಿ ಹೊಡೆಯುತ್ತಾರೆ. ಕೈಗೆ ಕೈ ತಾಗುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುತ್ತಾರೆ. ಆಮೇಲೆ ಜನ ಬೇರೆ ಮಾಡುತ್ತಾರೆ. ಅವಳು ಚರ್ಚಿನ ಬಾಗಿಲಲ್ಲಿ ಒಂದು ಕ್ಷಣ ನಿಂತು, ಏನೋ ಹೊಳೆಯದವಳ ಹಾಗೆ ಬೀದಿಯ ಕಡೆ ತಿರುಗಿ ನೋಡಿ, ಪುಸ್ತಕ ಬಿಡಿಸುತ್ತಾ ಒಳಗೆ ಹೋಗುತ್ತಾಳೆ. ಅವನು ರೂಮಿಗೆ ಓಡಿ ಬಾಗಿಲು ಹಾಕಿ ಹಾಸಿಗೆಗೆ ಬಿದ್ದು ತನಗೆ ಹುಚ್ಚು ಹಿಡಿದಿದೆ ಎಂದು ತನ್ನ ಹೆಸರನ್ನೇ ಕರೆದು ಕೂಗಿಕೊಳ್ಳುತ್ತಾನೆ. ಹತ್ತು ವರ್ಷದಲ್ಲಿ ಅವನಿಗೆ ನಿಜ ಗೊತ್ತಾದದ್ದು ಅದೊಂದೇ ಸಲ. ಆಮೇಲೂ ಹತ್ತು ವರ್ಷ ಅಲ್ಲೇ ಇದ್ದ! ಗೊತ್ತಾದರೆ ಬದಲಾಗುತ್ತೇವೆ ಎಂದು ನಂಬಿಕೊಂಡವರು ಈ ಪ್ಯಾರಾವನ್ನು ಇನ್ನೊಮ್ಮೆ ಓದಬೇಕು.

ಹಾಥಾರ್ನನಿಗೆ ಇದೆಲ್ಲ ಎಲ್ಲಿಂದ ಗೊತ್ತಾಯಿತು? ಅವನ ಬದುಕಿನಲ್ಲಿ ಸ್ವಲ್ಪ ಉತ್ತರ ಇದೆ. ಅಪ್ಪ ಹಡಗಿನ ಕಪ್ತಾನ, 1808ರಲ್ಲಿ ದೂರದ ಸುರಿನಾಮಿನಲ್ಲಿ ಜ್ವರ ಬಂದು ತೀರಿಕೊಂಡ. ಆಗ ಮಗನಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಮಗ 1825ರಲ್ಲಿ ಕಾಲೇಜು ಮುಗಿಸಿ ಊರಾದ ಅಮೆರಿಕದ ಸೇಲಂಗೆ ಬಂದು, ಅಮ್ಮನ ಮನೆಯ ಮಹಡಿಯ ರೂಮಿನಲ್ಲಿ ಸುಮಾರು ಹನ್ನೆರಡು ವರ್ಷ ಬರೆಯುತ್ತಾ ಓದುತ್ತಾ ಕಳೆದ. 1837ರಲ್ಲಿ ಸಹಪಾಠಿ, ಕವಿ ಲಾಂಗ್‌ಫೆಲೋಗೆ ಬರೆದ ಕಾಗದದಲ್ಲಿ ಹೇಳುತ್ತಾನೆ: ಬದುಕಿನ ಮುಖ್ಯ ಹರಿವಿನಿಂದ ಹೇಗೋ ಆಚೆ ಬಂದುಬಿಟ್ಟೆ, ಹಾಗೆ ಮಾಡಬೇಕೆಂದೇನೂ ಇರಲಿಲ್ಲ, ನನ್ನನ್ನು ನಾನೇ ಕೋಣೆಗೆ ಹಾಕಿಕೊಂಡೆ, ಈಗ ಬೀಗದ ಕೈ ಸಿಗುತ್ತಿಲ್ಲ, ಬಾಗಿಲು ತೆರೆದಿದ್ದರೂ ಹೊರಗೆ ಬರಲು ಭಯವಾದೀತು. ಕಥೆ ಅಚ್ಚಾಗಿ ಎರಡು ವರ್ಷ ಆಗಿತ್ತು ಆಗ. ವೇಕ್‌ಫೀಲ್ಡನನ್ನು ಅಷ್ಟು ಬೈದವನು ಅವನನ್ನು ಒಳಗಿನಿಂದ ಬಲ್ಲವನೇ. ಆದರೆ ‘ಇದು ಲೇಖಕನ ಆತ್ಮಕಥೆ’ ಎಂದು ಷರಾ ಬರೆದು ಮುಗಿಸಬೇಡಿ. ಹಾಥಾರ್ನ್ 1842ರಲ್ಲಿ ಮದುವೆಯಾದ, ಕೆಲಸ ಹಿಡಿದ, ಲೋಕದೊಳಗೆ ಬಂದ.

ಅರ್ಜೆಂಟೀನಾದ ಕಥೆಗಾರ ಬೋರ್ಹೆಸ್ 1949ರ ಒಂದು ಉಪನ್ಯಾಸದಲ್ಲಿ ಈ ಕಥೆಯನ್ನು ಎತ್ತಿ ಹಿಡಿದು, ಇದು ಆಗಲೇ ಕಾಫ್ಕಾನ ಲೋಕ ಎಂದ. ಆಮೇಲೆ ವಿಮರ್ಶಕರೆಲ್ಲ ಅದನ್ನೇ ಹೇಳತೊಡಗಿದರು. ಮಾತು ಒಳ್ಳೆಯದೇ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕಾಫ್ಕಾನಲ್ಲಿ ಮನುಷ್ಯ ಬೆಳಗ್ಗೆ ಏಳುವ ಹೊತ್ತಿಗೆ ಆಪತ್ತು ಮೈಮೇಲೆ ಬಂದಿರುತ್ತದೆ, ಅವನ ಕೈಯಲ್ಲಿ ಏನೂ ಇರುವುದಿಲ್ಲ. ವೇಕ್‌ಫೀಲ್ಡನ ಕೈಯಲ್ಲಿ ಎಲ್ಲ ಇದೆ. ಯಾವ ದಿನ ಬೇಕಾದರೂ ಎದ್ದು ಹೋಗಬಹುದಿತ್ತು.

ಇಲ್ಲಿ ಇನ್ನೊಂದು ಮಾತು. ಕಾಸರಗೋಡಿನ ನಾವು ಯಾವ ಕಥೆ ಓದಿದರೂ ಅದರಲ್ಲಿ 1956ರ ನವೆಂಬರ್ 1ನ್ನು, ನಮ್ಮೂರು ಕೇರಳಕ್ಕೆ ಸೇರಿದ ದಿನವನ್ನು, ಹುಡುಕುತ್ತೇವೆ. ಮನೆ ಅಲ್ಲೇ, ತೋಟ ಅಲ್ಲೇ, ರಾಜ್ಯ ಮಾತ್ರ ಬೇರೆಯಾಯಿತು, ನಾವೂ ವೇಕ್‌ಫೀಲ್ಡರೇ ಎಂದು ಒಬ್ಬ ಹುಡುಗ ಪ್ರಬಂಧದಲ್ಲಿ ಬರೆದಿದ್ದ. ಚಂದ ಬರೆದಿದ್ದ. ಆದರೆ ಹೊಂದುವುದಿಲ್ಲ. ನಮ್ಮ ಹಿರಿಯರು ಯಾರೂ ಬಾಗಿಲ ಸಂದಿಯಲ್ಲಿ ನಕ್ಕು ಹೋದವರಲ್ಲ.

ಕೊನೆ ಭಾಗಕ್ಕೆ ಬರೋಣ. ಇಪ್ಪತ್ತನೇ ವರ್ಷ, ಚಳಿಗಾಲ ಶುರುವಾಗುವ ಮುಂಚಿನ ಒಂದು ಗಾಳಿಯ ರಾತ್ರಿ. ಎಂದಿನಂತೆ ಮನೆಯ ಕಡೆ ಸುತ್ತಾಡಲು ಬಂದಿದ್ದಾನೆ. ರಪರಪ ಮಳೆ ಹೊಡೆಯುತ್ತದೆ. ಮೇಲಿನ ಮಹಡಿಯ ಕಿಟಕಿಯಲ್ಲಿ ಒಲೆಯ ಬೆಳಕು, ಚಾವಣಿಯ ಮೇಲೆ ಹೆಂಡತಿಯ ನೆರಳು: ಟೋಪಿ, ಮೂಗು, ಗಲ್ಲ, ಬೆಂಕಿ ಕುಣಿದ ಹಾಗೆ ಕುಣಿಯುವ ಒಂದು ದಪ್ಪ ನೆರಳು. ಅವನ ಮನಸ್ಸಿನಲ್ಲಿ ಬರುವುದೇನು? ಪಶ್ಚಾತ್ತಾಪ ಅಲ್ಲ. ನಾನ್ಯಾಕೆ ಇಲ್ಲಿ ನೆನೆದು ನಡುಗಬೇಕು, ಒಳಗೆ ನನ್ನದೇ ಬೆಂಕಿ ಇದೆ, ನನ್ನ ಬೂದು ಕೋಟನ್ನು ಅವಳು ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿರುತ್ತಾಳೆ, ಓಡಿ ಹೋಗಿ ತಂದುಕೊಡುತ್ತಾಳೆ. ಇಪ್ಪತ್ತು ವರ್ಷ! ಮಡಚಿಟ್ಟ ಕೋಟು ಹಾಗೇ ಇದ್ದೀತು ಎಂದು ಅವನು ನಂಬಿದ್ದಾನೆ. ಮನೆ ಬಿಡಲು ಹೇಗೆ ದೊಡ್ಡ ಕಾರಣ ಇರಲಿಲ್ಲವೋ ಸೇರಲೂ ಇಲ್ಲ. ಮಳೆ ಬಂತು, ಒಳಗೆ ಹೋದ. ಮೆಟ್ಟಿಲು ಹತ್ತುವಾಗ ಅದೇ ಹಳೇ ನಗು ಮುಖದಲ್ಲಿ. ನಿರೂಪಕ ಹೊಸ್ತಿಲಲ್ಲೇ ನಿಂತುಬಿಡುತ್ತಾನೆ, ನಾವು ಒಳಗೆ ಹೋಗುವುದು ಬೇಡ ಎನ್ನುತ್ತಾನೆ. ಆಮೇಲೆ ಒಂದು ನೀತಿ ಹೇಳುತ್ತಾನೆ: ಈ ಲೋಕದಲ್ಲಿ ಎಲ್ಲರಿಗೂ ಒಂದೊಂದು ಜಾಗ ಇದೆ, ಒಂದು ಕ್ಷಣ ಪಕ್ಕಕ್ಕೆ ಸರಿದರೂ ಆ ಜಾಗ ಶಾಶ್ವತವಾಗಿ ಹೋಗಬಹುದು, ವಿಶ್ವಕ್ಕೇ ಹೊರಗಿನವನಾಗಬಹುದು.

ಗೈಡುಗಳೆಲ್ಲ ಈ ನೀತಿಯನ್ನೇ ಅಡಿಗೆರೆ ಹಾಕಿ ಕೊಡುತ್ತವೆ. ಆದರೆ ಮೊದಲ ಪ್ಯಾರಾಕ್ಕೆ ಹೋಗಿ ನೋಡಿ. ವಾಪಸ್ ಬಂದವನು ಸಾಯುವ ತನಕ ಪ್ರೀತಿಯ ಗಂಡನಾಗಿ ಬಾಳಿದ ಎಂದು ಅಲ್ಲಿ ಹೇಳಿಯಾಗಿದೆ. ಜಾಗ ಹೋಯಿತು ಎನ್ನುವುದು ನಿಜವಾ, ಜಾಗ ವಾಪಸ್ ಸಿಕ್ಕಿತು ಎನ್ನುವುದು ನಿಜವಾ? ಎರಡನ್ನೂ ಹೇಳಿದ್ದು ಅದೇ ನಿರೂಪಕ. ನನ್ನ ಓದು ಹೀಗೆ: ಮೊದಲನೆಯದು ಪೇಪರಿನ ಸುದ್ದಿ, ಹೊರಗಿನವರಿಗೆ ಕಂಡದ್ದು. ಕೊನೆಯದು, ಆ ಮನುಷ್ಯನ ಒಳಗೆ ಇಪ್ಪತ್ತು ವರ್ಷ ಕೂತು ಬಂದ ಮೇಲೆ ಕಂಡದ್ದು. ಒಂದೇ ಹಾಸಿಗೆ, ಒಂದೇ ಊಟ, ಊರವರ ಕಣ್ಣಿಗೆ ಒಳ್ಳೇ ಗಂಡ. ಆದರೂ ಅವನು ಇನ್ನೂ ಪಕ್ಕದ ಬೀದಿಯಲ್ಲೇ ಇರಬಹುದು. ನೀತಿಯನ್ನು ಹೆದರಿಸುವ ಬೆತ್ತದ ಹಾಗೆ ಓದಬೇಡಿ. ನೀತಿ ಸಿಗದಿದ್ದರೂ ಪರವಾಗಿಲ್ಲ ಎಂದು ನಿರೂಪಕ ಶುರುವಿನಲ್ಲೇ ಅರ್ಧ ತಮಾಷೆಯಾಗಿ ಹೇಳಿದ್ದಾನೆ.

ನನಗೆ ಕಥೆಯ ಬಗ್ಗೆ ಒಂದು ತಕರಾರು ಇದೆ, ಅದು ಹೆಂಡತಿಯ ವಿಷಯ. ಅವಳಿಗೊಂದು ಹೆಸರೂ ಇಲ್ಲ, ಮಿಸೆಸ್ ವೇಕ್‌ಫೀಲ್ಡ್ ಅಷ್ಟೇ. ಒಂದು ಮಾತನ್ನೂ ಅವಳ ಬಾಯಿಂದ ನಾವು ಕೇಳುವುದಿಲ್ಲ. ತಾಳಮದ್ದಳೆಯಲ್ಲಿ ನಳದಮಯಂತಿ ಕೇಳಿ ಬೆಳೆದವರಿಗೆ ಇದು ಸಹಿಸಲಾಗುವುದಿಲ್ಲ. ನಳನೂ ಹೆಂಡತಿಯನ್ನು ಬಿಟ್ಟು ಹೋದವನೇ, ಅದೂ ನಡುಕಾಡಿನಲ್ಲಿ, ಅವಳು ಮಲಗಿದ್ದಾಗ, ಅವಳು ಉಟ್ಟ ಬಟ್ಟೆಯಲ್ಲಿ ಅರ್ಧ ಹರಿದುಕೊಂಡು. ಆದರೆ ಹೋಗುವಾಗ ಉಯ್ಯಾಲೆಯ ಹಾಗೆ ಹೋಗುತ್ತಾನೆ, ತಿರುಗಿ ಬರುತ್ತಾನೆ, ಮತ್ತೆ ಹೋಗುತ್ತಾನೆ. ವೇಕ್‌ಫೀಲ್ಡ್ ಹೋಗುವಾಗ ತಡವರಿಸಲೇ ಇಲ್ಲ, ಅವನ ತಡವರಿಕೆಯೆಲ್ಲ ವಾಪಸ್ ಬರುವುದಕ್ಕೆ. ನಳನಿಗೂ ವೇಷ ಬದಲಾಯಿತು, ಕಾರ್ಕೋಟಕ ಕಚ್ಚಿ ಕುರೂಪಿ ಬಾಹುಕನಾದ, ಋತುಪರ್ಣನ ಲಾಯ ಸೇರಿದ. ಆದರೆ ದಮಯಂತಿ ಪ್ರಾರ್ಥನೆ ಪುಸ್ತಕ ಹಿಡಿದು ಒಳಗೆ ಹೋದವಳಲ್ಲ. ಬ್ರಾಹ್ಮಣರನ್ನು ದೇಶದೇಶಕ್ಕೆ ಕಳಿಸಿದಳು, ಎರಡನೇ ಸ್ವಯಂವರದ ಸುದ್ದಿ ಹಬ್ಬಿಸಿ ಬಲೆ ಬೀಸಿದಳು, ಅವನು ಬೇಯಿಸಿದ ಅಡುಗೆಯ ರುಚಿ ನೋಡಿ ಗುರುತು ಹಿಡಿದಳು, ಆಮೇಲೆ ಎದುರು ನಿಲ್ಲಿಸಿ ಕೇಳಿಯೇ ಕೇಳಿದಳು: ಮಲಗಿದ್ದ ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು ಹೋದ ಧರ್ಮಜ್ಞನನ್ನು ಎಲ್ಲಾದರೂ ಕಂಡಿದ್ದೀಯಾ? ನಳನಿಗೆ ಹೇಳಲು ಮೈಹೊಕ್ಕ ಕಲಿಪುರುಷ ಇದ್ದ, ಎಲ್ಲ ಕಲಿ ಮಾಡಿಸಿದ್ದು ಎಂದ.

ವೇಕ್‌ಫೀಲ್ಡನಿಗೆ ಹೇಳಲು ಕಲಿಯೂ ಇಲ್ಲ. ಹಾಥಾರ್ನ್ ಬಾಗಿಲು ಮುಚ್ಚಿದ್ದು ಅದಕ್ಕೇ ಎಂದು ನನ್ನ ಗುಮಾನಿ. ತಾಳಮದ್ದಳೆಯಲ್ಲಿ ಮಾತಿನಲ್ಲೇ ಪಾತ್ರ ಕಟ್ಟುವ ನಮ್ಮ ಕಡೆಯ ಒಬ್ಬ ಒಳ್ಳೆಯ ಅರ್ಥಧಾರಿಗೆ ಮಿಸೆಸ್ ವೇಕ್‌ಫೀಲ್ಡಳ ಪಾತ್ರ ಕೊಟ್ಟು ನೋಡಬೇಕು. ಆ ಹೊಸ್ತಿಲಿನಿಂದ ಶುರುಮಾಡಿದರೆ ಬೆಳಗಿನ ತನಕ ಅವನಿಗೆ ಒಣಗಿದ ಕೋಟು ಸಿಗುವುದಿಲ್ಲ.